ಚುನಾವಣೆಯ ದುಡ್ಡು ಮತ್ತು ಅದರ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಇಲ್ಲಿ ಕೊಟ್ಟಿದ್ದೇವೆ. ಉತ್ತರಗಳು ವಿಧಾನಸಭೆ ಮತ್ತು ಲೋಕಸಭೆ ಚುನಾವಣೆಗೆ ಸಂಬಂಧಿಸಿದವು. ಪಂಚಾಯಿತಿ, ನಗರಸಭೆ ಚುನಾವಣೆಗಳನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅಲ್ಲಿನ ಮಿತಿ, ನಮೂನೆಗಳೇ ಬೇರೆ.

## ಮೊದಲು ತಿಳಿಯಬೇಕಾದ್ದು

ಎಂಎಲ್‌ಎ ಎಲೆಕ್ಷನ್‌ಗೆ 40 ಲಕ್ಷ ಮಾತ್ರ ಖರ್ಚು ಮಾಡಬೇಕಂತೆ. ನಮ್ಮ ಕಡೆ ಒಂದು ಹೋಬಳಿಗೇ ಅಷ್ಟು ಸುರೀತಾರೆ. ಯಾರೂ ಕೇಳಲ್ವಾ?

ಮಿತಿ ಇರುವುದು ನಿಜ. 2022ರ ಜನವರಿಯ ಪರಿಷ್ಕರಣೆಯಂತೆ ಕರ್ನಾಟಕದಂಥ ದೊಡ್ಡ ರಾಜ್ಯಗಳಲ್ಲಿ ವಿಧಾನಸಭೆ ಅಭ್ಯರ್ಥಿಗೆ 40 ಲಕ್ಷ ರೂಪಾಯಿ, ಲೋಕಸಭೆ ಅಭ್ಯರ್ಥಿಗೆ 95 ಲಕ್ಷ ರೂಪಾಯಿ. ಆದರೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 77ನೇ ಸೆಕ್ಷನ್ ಲೆಕ್ಕ ಕೇಳುವುದು ನಾಮಪತ್ರದ ದಿನದಿಂದ ಫಲಿತಾಂಶದ ದಿನದವರೆಗೆ ಮಾತ್ರ. ಅದಕ್ಕೆ ಮುಂಚಿನ ಒಂದು ವರ್ಷ ನಡೆದ ಬಾಡೂಟ, ಕ್ರಿಕೆಟ್ ಟೂರ್ನಿ, ಧರ್ಮಸ್ಥಳ–ತಿರುಪತಿ ಬಸ್ಸು, ಗಣೇಶನ ಪೆಂಡಾಲಿಗೆ ಕೊಟ್ಟ ಚಂದಾ ಇವೆಲ್ಲ ಈ ಲೆಕ್ಕದ ಆಚೆ.

ಲೆಕ್ಕದ ಒಳಗಿರುವುದಕ್ಕೆ ನಿಯಮ ಬಿಗಿಯಾಗಿಯೇ ಇದೆ. ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಒಬ್ಬರಿಗೇ 10,000 ರೂಪಾಯಿ ದಾಟಿದರೆ ನಗದು ಕೊಡುವಂತಿಲ್ಲ. ಕುರ್ಚಿ, ಶಾಮಿಯಾನ, ಚಹಾ, ಊಟಕ್ಕೆ ಜಿಲ್ಲಾ ಚುನಾವಣಾಧಿಕಾರಿ ದರಪಟ್ಟಿ ಹೊರಡಿಸುತ್ತಾರೆ. ಅಭ್ಯರ್ಥಿ ಎಷ್ಟೇ ಅಗ್ಗದ ಬಿಲ್ಲು ತಂದರೂ ಅಧಿಕಾರಿಗಳು ಲೆಕ್ಕ ಹಾಕುವುದು ಆ ದರಕ್ಕೇ. ಇಷ್ಟಾದರೂ ರಾತ್ರಿ ಹಂಚುವ ನೋಟಿಗೆ ಬಿಲ್ಲಿಲ್ಲ, ಬಿಲ್ಲಿಲ್ಲದ್ದಕ್ಕೆ ಪುಸ್ತಕದಲ್ಲಿ ಜಾಗವಿಲ್ಲ.

ಪಕ್ಷ ಮಾಡೋ ಖರ್ಚಿಗೂ ಮಿತಿ ಇರುತ್ತಲ್ಲ?

ಇಲ್ಲ. ಅಭ್ಯರ್ಥಿಗೆ ಮಿತಿ ಇದೆ, ಪಕ್ಷಕ್ಕಿಲ್ಲ. 1974ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕನ್ವರ್ ಲಾಲ್ ಗುಪ್ತಾ ಪ್ರಕರಣದಲ್ಲಿ, ಪಕ್ಷ ಅಭ್ಯರ್ಥಿಗಾಗಿ ಮಾಡಿದ ಖರ್ಚೂ ಅವನ ಲೆಕ್ಕಕ್ಕೇ ಸೇರಬೇಕು ಎಂದಿತ್ತು. ಅದೇ ತಿಂಗಳು ಸುಗ್ರೀವಾಜ್ಞೆ ಬಂತು, ತೀರ್ಪು ನಿಷ್ಫಲವಾಯಿತು. 2003ರ ತಿದ್ದುಪಡಿ ಈ ಬಾಗಿಲನ್ನು ಅರ್ಧ ಮುಚ್ಚಿತು. ಮಾನ್ಯತೆ ಪಡೆದ ಪಕ್ಷ 40 ತಾರಾ ಪ್ರಚಾರಕರ ಪಟ್ಟಿ ಕೊಡಬಹುದು, ಅವರ ಪ್ರಯಾಣದ ಖರ್ಚು ಅಭ್ಯರ್ಥಿಯ ತಲೆಗೆ ಬರುವುದಿಲ್ಲ. ಹೆಲಿಕಾಪ್ಟರ್ ಪಕ್ಷದ್ದು. ಆದರೆ ಆ ಸಭೆಯ ವೇದಿಕೆಗೆ ಅಭ್ಯರ್ಥಿ ಹತ್ತಿದರೆ, ಅಥವಾ ಅವನ ಹೆಸರು, ಫೋಟೊ ಇರುವ ಫ್ಲೆಕ್ಸ್ ಅಲ್ಲಿದ್ದರೆ, ಪ್ರಯಾಣ ಬಿಟ್ಟು ಸಭೆಯ ಖರ್ಚು ಅವನ ಪಾಲಿಗೆ ಬರುತ್ತದೆ. ದೊಡ್ಡ ನಾಯಕರ ಸಭೆಯಲ್ಲಿ ಕೆಲವು ಅಭ್ಯರ್ಥಿಗಳು ಕೆಳಗೆ ಜನರ ನಡುವೆ ಕೂತಿರುವುದನ್ನು ಕಂಡಿದ್ದರೆ, ವಿನಯವೊಂದೇ ಕಾರಣ ಅಂದುಕೊಳ್ಳಬೇಡಿ.

ಎರಡೂ ಪಾರ್ಟಿಯವರ ಹತ್ರ ದುಡ್ಡು ತಗೊಂಡು ನಮಗೆ ಬೇಕಾದವರಿಗೆ ಹಾಕ್ತೀವಿ. ತಪ್ಪೇನು?

ಕಾನೂನಿನ ಪ್ರಕಾರ ತೆಗೆದುಕೊಳ್ಳುವುದೂ ಅಪರಾಧವೇ. ಭಾರತೀಯ ನ್ಯಾಯ ಸಂಹಿತೆಯ 170ನೇ ಸೆಕ್ಷನ್ ಕೊಟ್ಟವರನ್ನೂ ಪಡೆದವರನ್ನೂ ಸೇರಿಸಿಯೇ ಹೇಳುತ್ತದೆ. ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಊಟ, ಕುಡಿತದ ರೂಪದ ಆಮಿಷಕ್ಕೆ ದಂಡ ಮಾತ್ರ.

ಪಡೆದ ಮೇಲೆ ಯಾರಿಗೆ ಹಾಕಿದಿರಿ ಎಂಬುದು ಕೊಟ್ಟವರಿಗೆ ಗೊತ್ತಾಗುವುದಿಲ್ಲ. ವಿವಿಪ್ಯಾಟ್ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡ್ ಕಂಡು ಪೆಟ್ಟಿಗೆಗೆ ಬೀಳುತ್ತದೆ, ಕೈಗೆ ಬರುವುದಿಲ್ಲ. ಅದಕ್ಕೇ ದೇವರ ಫೋಟೊ ಮೇಲೆ, ಅರಿಶಿನದ ಅಕ್ಕಿ ಮೇಲೆ ಆಣೆ ಮಾಡಿಸುವ ಪದ್ಧತಿ ಬಂದದ್ದು. ಆ ಆಣೆಗೆ ಕಾನೂನಿನ ಬೆಲೆ ಇಲ್ಲ. ದೈವದ ಕೋಪಕ್ಕೆ ಗುರಿಯಾಗುತ್ತೀಯೆಂದು ಮತದಾರರನ್ನು ನಂಬಿಸುವುದೇ ಅನುಚಿತ ಪ್ರಭಾವವೆಂಬ ಬೇರೊಂದು ಅಪರಾಧ. ಅಜ್ಜಿಯಂದಿರಿಗೆ ಇದನ್ನು ಬಿಡಿಸಿ ಹೇಳಿ.

ಎಲೆಕ್ಷನ್ ಡೇಟೇ ಬಂದಿಲ್ಲ, ಮನೆಮನೆಗೆ ಕುಕ್ಕರ್ ಬಂತು. ಇದಕ್ಕೆ ದೂರು ಕೊಡಬಹುದಾ?

ಚುನಾವಣಾ ಆಯೋಗಕ್ಕೆ ಕೊಟ್ಟರೆ ಹೆಚ್ಚು ಪ್ರಯೋಜನವಿಲ್ಲ. ಮಾದರಿ ನೀತಿ ಸಂಹಿತೆ ಜಾರಿಗೆ ಬರುವುದು ದಿನಾಂಕ ಘೋಷಣೆಯ ನಂತರ. ‘ಅಭ್ಯರ್ಥಿ’ ಎಂದರೆ ನಾಮನಿರ್ದೇಶನಗೊಂಡವನು ಎಂದು ಕಾಯ್ದೆ ಹೇಳುವುದರಿಂದ, ಅದಕ್ಕೆ ಮುಂಚಿನ ಹಂಚಿಕೆಯನ್ನು ಅವನ ‘ಭ್ರಷ್ಟ ಆಚರಣೆ’ ಎಂದು ತೋರಿಸಿ ಗೆಲುವು ರದ್ದು ಮಾಡಿಸುವುದೂ ಆಗದು.

ಆಗ ಉಳಿಯುವ ದಾರಿ ಸರಕಿನದು. ಸಾವಿರಾರು ಕುಕ್ಕರ್, ಸೀರೆ ಎಲ್ಲೋ ಒಂದು ಗೋದಾಮಿನಲ್ಲಿ ಇಳಿದಿರುತ್ತವೆ, ಲಾರಿಯಲ್ಲಿ ಬಂದಿರುತ್ತವೆ. 50,000 ರೂಪಾಯಿ ದಾಟಿದ ಸರಕಿಗೆ ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಪತ್ರ) ಬೇಕು. ಲಾರಿ ನಂಬರು, ಗೋದಾಮಿನ ಜಾಗ, ಪೆಟ್ಟಿಗೆ ಮೇಲಿನ ತಯಾರಕರ ಹೆಸರಿನ ಜತೆ ವಾಣಿಜ್ಯ ತೆರಿಗೆ ಇಲಾಖೆಗೆ ಬರೆದುಕೊಡಿ. ಬಿಲ್ಲು ಯಾರ ಹೆಸರಿಗಿದೆ ಎಂಬುದು ಅಲ್ಲಿ ಹೊರಬೀಳುತ್ತದೆ. ಫಲಾನುಭವಿಗಳ ಪಟ್ಟಿ, ಟೋಕನ್, ಹಂಚುವಾಗಿನ ಮಾತಿನ ವಿಡಿಯೊ ಇದ್ದರೆ ಪೊಲೀಸ್ ದೂರಿಗೂ ತೂಕ ಬರುತ್ತದೆ.

## ಚುನಾವಣೆ ನಡೆಯುತ್ತಿರುವಾಗ

ಸಿ-ವಿಜಿಲ್ ಆ್ಯಪ್‌ನಲ್ಲಿ ದೂರು ಹಾಕಿದೆ, ‘ಡ್ರಾಪ್’ ಅಂತ ಬಂತು. ಯಾಕೆ?

ಸಿ-ವಿಜಿಲ್ ಎಂದರೆ ನೀತಿ ಸಂಹಿತೆ ಮುರಿದವರ ಮೇಲೆ ದೂರು ಕೊಡಲು ಇರುವ ಚುನಾವಣಾ ಆಯೋಗದ ಆ್ಯಪ್, ‘ಡ್ರಾಪ್’ ಎಂದರೆ ದೂರನ್ನು ಕೈಬಿಟ್ಟರು ಎಂದರ್ಥ. ದೂರು ಹೋಗುವ ದಾರಿ ತಿಳಿದರೆ ಕಾರಣವೂ ತಿಳಿಯುತ್ತದೆ. ನಿಮ್ಮ ಫೋಟೊ ಅಥವಾ ಎರಡು ನಿಮಿಷದ ವಿಡಿಯೊ ಜಿಲ್ಲಾ ನಿಯಂತ್ರಣ ಕೊಠಡಿ ತಲುಪಿ ಐದು ನಿಮಿಷದಲ್ಲಿ ಸಂಚಾರಿ ದಳಕ್ಕೆ ಹೋಗಬೇಕು. ದಳ 15 ನಿಮಿಷದಲ್ಲಿ ಸ್ಥಳ ಮುಟ್ಟಬೇಕು, 30 ನಿಮಿಷದಲ್ಲಿ ಪರಿಶೀಲಿಸಬೇಕು. ಚುನಾವಣಾಧಿಕಾರಿಯ ತೀರ್ಮಾನಕ್ಕೆ 50 ನಿಮಿಷ. ಒಟ್ಟು 100 ನಿಮಿಷ.

ಎಡವುವುದು ಹೆಚ್ಚಾಗಿ ಮೊದಲ ಹೆಜ್ಜೆಯಲ್ಲೇ. ಆ್ಯಪ್ ಗ್ಯಾಲರಿಯಲ್ಲಿರುವ ಹಳೇ ಫೋಟೊ ತೆಗೆದುಕೊಳ್ಳುವುದಿಲ್ಲ, ಅಲ್ಲೇ ತೆಗೆಯಬೇಕು. ತೆಗೆದ ಮೇಲೆ ಕಳಿಸಲು ಐದು ನಿಮಿಷ ಮಾತ್ರ. ಲೊಕೇಶನ್ ಆನ್ ಇರಬೇಕು. ದೂರದಿಂದ ತೆಗೆದು, ಮನೆಗೆ ಬಂದು ಕಳಿಸಲು ಹೊರಟರೆ ಅವಧಿ ಮುಗಿದಿರುತ್ತದೆ. ಸಂಚಾರಿ ದಳ ಬರುವ ಹೊತ್ತಿಗೆ ಹಂಚುವವರು ಜಾಗ ಖಾಲಿ ಮಾಡಿದ್ದರೆ ‘ಏನೂ ಕಂಡುಬಂದಿಲ್ಲ’ ಎಂಬ ವರದಿ ಹೋಗುತ್ತದೆ. ಆದ್ದರಿಂದ ಬರೀ ಗುಂಪಿನ ಫೋಟೊ ಸಾಲದು. ಕವರ್, ಪಟ್ಟಿ, ಗಾಡಿ ನಂಬರ್, ಬಾಗಿಲ ಮೇಲಿನ ಮನೆ ಸಂಖ್ಯೆ ಕಾಣಬೇಕು. ಹೆಸರು ಹೇಳದೆಯೂ ದೂರು ಕೊಡಬಹುದು, ಆದರೆ ಆಗ ಅದರ ಗತಿ ಏನಾಯಿತೆಂಬ ಸಂದೇಶ ನಿಮಗೆ ಬರುವುದಿಲ್ಲ.

ಮಗಳ ಮದುವೆಗೆ ದುಡ್ಡು ತಗೊಂಡು ಹೋಗ್ತಿದ್ವಿ, ಚೆಕ್‌ಪೋಸ್ಟ್‌ನಲ್ಲಿ ಕಿತ್ಕೊಂಡ್ರು. ವಾಪಸ್ ಬರುತ್ತಾ?

ಬರುತ್ತದೆ, ದಾಖಲೆ ಇದ್ದರೆ. 50,000 ರೂಪಾಯಿಯ ಗೆರೆ ಇರುವುದು ಅಭ್ಯರ್ಥಿ, ಏಜೆಂಟ್, ಪಕ್ಷದ ಕಾರ್ಯಕರ್ತರ ವಾಹನಗಳ ಬಗ್ಗೆ. ಸಾಮಾನ್ಯ ಜನರನ್ನೂ ಅದೇ ಮೊತ್ತಕ್ಕೆ ನಿಲ್ಲಿಸಿ ಕೇಳುವುದು ರೂಢಿಯಾಗಿಬಿಟ್ಟಿದೆ. ಬ್ಯಾಂಕಿನಿಂದ ತೆಗೆದ ಚೀಟಿ, ಲಗ್ನಪತ್ರಿಕೆ, ಅಡಿಕೆ ಮಂಡಿ ಅಥವಾ ಎಪಿಎಂಸಿ ಪಟ್ಟಿ ಜತೆಗಿರಲಿ. ವಶಪಡಿಸಿಕೊಂಡರೆ ರಸೀದಿ ಕೇಳಿ ಪಡೆಯಿರಿ. ಪ್ರತಿ ಜಿಲ್ಲೆಯಲ್ಲೂ ಇದಕ್ಕೆಂದೇ ಮೂವರ ಸಮಿತಿ ಇದೆ: ಜಿಲ್ಲಾ ಪಂಚಾಯಿತಿ ಸಿಇಒ, ವೆಚ್ಚ ನಿಗಾ ನೋಡಲ್ ಅಧಿಕಾರಿ, ಜಿಲ್ಲಾ ಖಜಾನಾಧಿಕಾರಿ. ಎಫ್‌ಐಆರ್ ಆಗದಿದ್ದರೆ, ಮತದಾನ ಮುಗಿದು ಏಳು ದಿನದ ಆಚೆಗೆ ಆ ಹಣವನ್ನು ಇಟ್ಟುಕೊಳ್ಳುವಂತಿಲ್ಲ. 10 ಲಕ್ಷ ದಾಟಿದ್ದರೆ ವಾಪಸ್ ಕೊಡುವ ಮೊದಲು ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತಾರೆ.

ದುಡ್ಡು ಹಂಚಿದ್ದಕ್ಕೆ ಎಲೆಕ್ಷನ್ನೇ ನಿಲ್ಲಿಸಿದ್ದುಂಟಾ?

ಉಂಟು. ತಮಿಳುನಾಡಿನ ಅರವಕುರಿಚಿ ಮತ್ತು ತಂಜಾವೂರು (2016), ಚೆನ್ನೈನ ಆರ್.ಕೆ. ನಗರ ಉಪಚುನಾವಣೆ (2017), ವೆಲ್ಲೂರು ಲೋಕಸಭೆ (2019). ಎಲ್ಲ ಕಡೆ ಆಮೇಲೆ ಹೊಸದಾಗಿ ಚುನಾವಣೆ ನಡೆಯಿತು. ನಮ್ಮಲ್ಲಿ ವಶಪಡಿಸಿಕೊಳ್ಳುವ ಮೊತ್ತ ಏರುತ್ತಲೇ ಇದೆ. 2023ರ ವಿಧಾನಸಭೆ ಚುನಾವಣೆಯಲ್ಲಿ ನಗದು, ಮದ್ಯ, ಉಡುಗೊರೆ ಎಲ್ಲ ಸೇರಿ 375 ಕೋಟಿ ರೂಪಾಯಿ, 2018ರ ನಾಲ್ಕೂವರೆ ಪಟ್ಟು. ಸಿಕ್ಕಿದ್ದು ಇಷ್ಟು ಎಂಬುದಷ್ಟೇ ಇದರ ಅರ್ಥ, ಹಂಚಿದ್ದು ಎಷ್ಟು ಎಂಬುದಕ್ಕೆ ಇದು ಉತ್ತರವಲ್ಲ.

## ಕಾಗದಪತ್ರ ಓದುವುದು

ಅಫಿಡವಿಟ್‌ನಲ್ಲಿ ಎಲ್ಲಾ ಬರೆದಿರ್ತಾರಾ? ಅದರಲ್ಲಿ ಏನು ನೋಡಬೇಕು?

ಅಭ್ಯರ್ಥಿ ನಾಮಪತ್ರದ ಜತೆ ಕೊಡುವ, ನಮೂನೆ 26 ಎಂಬ ಈ ಪ್ರಮಾಣಪತ್ರ 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳ ಫಲ. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಪತ್ರಿಕೆಗಳು ಒಟ್ಟು ಆಸ್ತಿಯ ಸಂಖ್ಯೆ ಹಿಡಿದು ಸುದ್ದಿ ಮಾಡುತ್ತವೆ. ನಮ್ಮ ದೃಷ್ಟಿಯಲ್ಲಿ ಅದು ಇಡೀ ಕಾಗದದಲ್ಲೇ ಅತಿ ಕಡಿಮೆ ಉಪಯೋಗದ ಸಂಖ್ಯೆ.

ಮೊದಲು ಐದು ವರ್ಷದ ಆದಾಯ ತೆರಿಗೆ ವಿವರ ನೋಡಿ. ಸ್ವಂತದ್ದು, ಹೆಂಡತಿ ಅಥವಾ ಗಂಡನದ್ದು, ಅವಲಂಬಿತರದ್ದು ಬೇರೆ ಬೇರೆ ಇರುತ್ತದೆ. ಐದು ವರ್ಷದ ಆದಾಯ ಕೂಡಿ, ಹಿಂದಿನ ಚುನಾವಣೆಯ ಪ್ರಮಾಣಪತ್ರಕ್ಕೂ ಈಗಿನದಕ್ಕೂ ಆಸ್ತಿಯಲ್ಲಿ ಆದ ಏರಿಕೆಯ ಪಕ್ಕದಲ್ಲಿಡಿ. ಹಳೇ ಜಮೀನಿನ ಬೆಲೆ ಏರಿದ್ದನ್ನು ಕಳೆಯಲು ಮರೆಯಬೇಡಿ, ಇಲ್ಲದಿದ್ದರೆ ಸುಮ್ಮನೆ ಆರೋಪ ಮಾಡಿದಂತಾಗುತ್ತದೆ. ಆಮೇಲೆ ಸ್ಥಿರಾಸ್ತಿ. ಸರ್ವೆ ನಂಬರು, ವಿಸ್ತೀರ್ಣ, ಕೊಂಡ ದಿನಾಂಕ, ಕೊಂಡ ಬೆಲೆ ಇರುತ್ತವೆ. ಆ ಸರ್ವೆ ನಂಬರಿನ ಪಹಣಿಯನ್ನು ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣದಲ್ಲಿ ತೆಗೆದರೆ ಮಾಲೀಕರ ಹೆಸರು, ವಿಸ್ತೀರ್ಣ ತಾಳೆಯಾಗುತ್ತವೋ ಇಲ್ಲವೋ ಗೊತ್ತಾಗುತ್ತದೆ. ಕೊನೆಗೆ ಹೆಚ್ಚಿನವರು ತಿರುವಿ ಹಾಕುವ ಪುಟ: ಅಭ್ಯರ್ಥಿ, ಸಂಗಾತಿ, ಅವಲಂಬಿತರು, ಅವರ ಪಾಲುದಾರಿಕೆ ಸಂಸ್ಥೆ ಅಥವಾ ಖಾಸಗಿ ಕಂಪನಿ ಸರ್ಕಾರದ ಜತೆ ಮಾಡಿಕೊಂಡಿರುವ ಗುತ್ತಿಗೆಗಳು.

ಒಂದು ಕಾಲಂ ಖಾಲಿ ಬಿಟ್ಟು, ನೋಟಿಸ್ ಕೊಟ್ಟರೂ ತುಂಬದಿದ್ದರೆ ಚುನಾವಣಾಧಿಕಾರಿ ನಾಮಪತ್ರ ತಿರಸ್ಕರಿಸಬಹುದು. ಸುಳ್ಳು ತುಂಬಿದರೆ ತಿರಸ್ಕರಿಸುವಂತಿಲ್ಲ. ಅದಕ್ಕೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಸೆಕ್ಷನ್‌ನಡಿ ಕೋರ್ಟಿಗೇ ಹೋಗಬೇಕು, ಶಿಕ್ಷೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಖಾಲಿ ಬಿಡುವುದಕ್ಕಿಂತ ಸುಳ್ಳು ಬರೆಯುವುದೇ ಸುರಕ್ಷಿತ ಎಂಬ ಸ್ಥಿತಿ ಇದು.

ಗೆದ್ದವರು ಕೊಟ್ಟ ಖರ್ಚಿನ ಲೆಕ್ಕ ನಮಗೂ ತೋರಿಸ್ತಾರಾ?

ತೋರಿಸಲೇಬೇಕು. ಫಲಿತಾಂಶವಾಗಿ 30 ದಿನದೊಳಗೆ ಪ್ರತಿ ಅಭ್ಯರ್ಥಿ, ಸೋತವರೂ ಸೇರಿ, ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಒಪ್ಪಿಸಬೇಕು. ಒಂದು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲಿಗೆ ಬೇರೆ ಶುಲ್ಕ.

ಪುಸ್ತಕದಲ್ಲಿ ಮೂರು ಬಣ್ಣದ ಹಾಳೆ ಇರುತ್ತವೆ. ಬಿಳಿ ಹಾಳೆ ದಿನದ ಖರ್ಚಿಗೆ, ಗುಲಾಬಿ ನಗದಿಗೆ, ಹಳದಿ ಬ್ಯಾಂಕಿಗೆ. ಇದರ ಜತೆ ಅಧಿಕಾರಿಗಳೇ ವಿಡಿಯೊ ನೋಡಿ ಬರೆದ ನೆರಳು ರಿಜಿಸ್ಟರ್ ಕೇಳಿ ಪಡೆಯಿರಿ. ಒಂದು ದಿನಾಂಕ ಆರಿಸಿಕೊಳ್ಳಿ, ನಿಮ್ಮೂರಲ್ಲಿ ದೊಡ್ಡ ಸಭೆ ಆದ ದಿನ. ಬಿಳಿ ಹಾಳೆಯಲ್ಲಿ 500 ಕುರ್ಚಿ ಎಂದಿದ್ದು ನೆರಳು ರಿಜಿಸ್ಟರ್‌ನಲ್ಲಿ 3,000 ಇದ್ದರೆ, ಆ ವ್ಯತ್ಯಾಸಕ್ಕೆ ನೋಟಿಸ್ ಹೋಗಿತ್ತೇ, 48 ಗಂಟೆಯೊಳಗೆ ಉತ್ತರ ಬಂತೇ ನೋಡಿ. ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಸಲ ತಪಾಸಣೆ ಆಗಿರಬೇಕು, ಅದರ ಟಿಪ್ಪಣಿಯೂ ಸಿಗುತ್ತದೆ.

ಲೆಕ್ಕ ಕೊಡದವರನ್ನು ಅದೇ ಕಾಯ್ದೆಯ 10ಎ ಸೆಕ್ಷನ್‌ನಡಿ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಈ ಶಿಕ್ಷೆ ಬೀಳುವುದು ಹೆಚ್ಚಾಗಿ ಸೋತು ಸುಮ್ಮನಾದ ಪಕ್ಷೇತರರ ಮೇಲೆ.

## ಪಕ್ಷದ ಖಜಾನೆ

ಚುನಾವಣಾ ಬಾಂಡ್ ರದ್ದಾಯ್ತಲ್ಲ. ಈಗ ಪಕ್ಷಗಳಿಗೆ ದುಡ್ಡು ಎಲ್ಲಿಂದ ಬರುತ್ತೆ?

2018ರ ಜನವರಿಯಲ್ಲಿ ಶುರುವಾದ ಬಾಂಡ್ ಯೋಜನೆಯನ್ನು 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಅಸಾಂವಿಧಾನಿಕ ಎಂದಿತು. ಯಾರು ಕೊಟ್ಟರೆಂದು ಮತದಾರರಿಗೆ ತಿಳಿಯದಂತೆ ಮಾಡುವುದು ಸಂವಿಧಾನದ 19(1)(ಎ) ವಿಧಿಗೆ (ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ) ವಿರುದ್ಧ ಎಂಬುದು ಮುಖ್ಯ ಕಾರಣ. ಮುಂದಿನ ತಿಂಗಳು ಪಟ್ಟಿ ಹೊರಬಿತ್ತು. ಅತಿ ಹೆಚ್ಚು, ಅಂದರೆ 1,368 ಕೋಟಿ ರೂಪಾಯಿಯ ಬಾಂಡ್ ಕೊಂಡದ್ದು ಒಂದು ಲಾಟರಿ ಕಂಪನಿ. ವಿಶೇಷ ತನಿಖಾ ತಂಡ ಬೇಕೆಂಬ ಅರ್ಜಿಗಳನ್ನು ಅದೇ ಆಗಸ್ಟ್‌ನಲ್ಲಿ ಕೋರ್ಟ್ ತಳ್ಳಿಹಾಕಿತು.

ಈಗ ಉಳಿದಿರುವುದು ಹಳೇ ದಾರಿಗಳು. ಒಂದು, ನೇರ ದೇಣಿಗೆ. ವರ್ಷಕ್ಕೆ 20,000 ರೂಪಾಯಿ ದಾಟಿದರೆ ಕೊಟ್ಟವರ ಹೆಸರು ಆಯೋಗಕ್ಕೆ ಕೊಡಬೇಕು. ಎರಡು, ಚುನಾವಣಾ ಟ್ರಸ್ಟ್. 2013ರ ಯೋಜನೆಯಂತೆ ಬಂದ ಹಣದ ಶೇ 95ರಷ್ಟನ್ನು ಅದೇ ವರ್ಷ ಪಕ್ಷಗಳಿಗೆ ಹಂಚಬೇಕು. ಹತ್ತು ಕಂಪನಿ ಕೊಟ್ಟು, ಟ್ರಸ್ಟ್ ಮೂರು ಪಕ್ಷಕ್ಕೆ ಹಂಚಿದರೆ ಯಾರ ಹಣ ಯಾರಿಗೆ ಹೋಯಿತೆಂದು ಹೇಳಲಾಗದು. ಮೂರು, 2,000 ರೂಪಾಯಿವರೆಗಿನ ನಗದು. ಸಾವಿರಾರು ಜನ ಕೊಟ್ಟರು ಎಂದು ಬರೆದರೆ ಮುಗಿಯಿತು. ಕಂಪನಿಗಳಿಗೆ ಮೂರು ವರ್ಷದ ಸರಾಸರಿ ಲಾಭದ ಶೇ 7.5ರ ಮಿತಿ ಆ ತೀರ್ಪಿನಿಂದ ಮರಳಿ ಬಂತು. ಬಾಂಡ್ ಗದ್ದಲದಲ್ಲಿ ಹೆಚ್ಚು ಜನ ಗಮನಿಸದ, ಆದರೆ ನಷ್ಟದ ಮತ್ತು ನಾಮಕಾವಸ್ತೆ ಕಂಪನಿಗಳ ಬಾಯಿ ಕಟ್ಟುವ ಭಾಗ ಇದು.

ಪಕ್ಷಗಳಿಗೆ ಆರ್‌ಟಿಐ ಹಾಕಬಹುದಾ?

ಹಾಕಬಹುದು, ಉತ್ತರ ಬರುವುದಿಲ್ಲ. ಆರು ರಾಷ್ಟ್ರೀಯ ಪಕ್ಷಗಳು ಸಾರ್ವಜನಿಕ ಪ್ರಾಧಿಕಾರಗಳೆಂದು ಕೇಂದ್ರ ಮಾಹಿತಿ ಆಯೋಗ 2013ರ ಜೂನ್ 3ರಂದೇ ಆದೇಶಿಸಿತು. ಯಾವ ಪಕ್ಷವೂ ಪಾಲಿಸಲಿಲ್ಲ. ಈ ಒಂದು ವಿಷಯದಲ್ಲಿ ಎಲ್ಲ ಪಕ್ಷಗಳಿಗೂ ಒಮ್ಮತವಿದೆ.

## ಗೆದ್ದ ಮೇಲೆ

ಖರ್ಚು ಮಾಡಿದ್ದನ್ನ ಎಲ್ಲಿ ವಾಪಸ್ ತೆಗೀತಾರೆ? ನಾವು ಹಿಡಿಯೋದು ಹೇಗೆ?

ಹೆಚ್ಚಾಗಿ ಕಾಮಗಾರಿಯಲ್ಲಿ. ಟೆಂಡರ್‌ಗೆ ಕರ್ನಾಟಕದಲ್ಲಿ 1999ರ ಪಾರದರ್ಶಕತೆ ಕಾಯ್ದೆ ಇದೆ. ಅದನ್ನು ತಪ್ಪಿಸಲು ಎರಡು ದಾರಿ. ದೊಡ್ಡ ಕೆಲಸವನ್ನು ಒಡೆದು ತುಂಡು ಗುತ್ತಿಗೆ ಮಾಡುವುದು, ಇಲ್ಲವೇ ಅದೇ ಕಾಯ್ದೆಯ 4(ಜಿ) ಸೆಕ್ಷನ್ ಅಡಿ ವಿನಾಯಿತಿ ಪಡೆದು ಟೆಂಡರ್ ಇಲ್ಲದೆ ಕೊಡುವುದು. ಒಂದೇ ರಸ್ತೆಗೆ ‘ಇಂಥವರ ಮನೆಯಿಂದ ಇಂಥವರ ಮನೆಯವರೆಗೆ’ ಎಂದು ನಾಲ್ಕು ಕಾರ್ಯಾದೇಶ ಒಂದೇ ವಾರ ಹೊರಟಿದ್ದರೆ ಅನುಮಾನಪಡಿ.

ಒಂದು ರಸ್ತೆ ಹಿಡಿಯಿರಿ, ಇಡೀ ತಾಲ್ಲೂಕು ಬೇಡ. ಆರ್‌ಟಿಐ ಅರ್ಜಿಗೆ ಹತ್ತು ರೂಪಾಯಿ, ಪ್ರತಿಗೆ ಪುಟಕ್ಕೆ ಎರಡು ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಉದ್ದ ಬರೆದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ (ಎಂ.ಬಿ.), ಪಾವತಿಸಿದ ಬಿಲ್ಲು, ಗುಣಮಟ್ಟ ವರದಿ ಇಷ್ಟೇ ಕೇಳಿ. ಎಂ.ಬಿ. ಪ್ರತಿ ಸಿಕ್ಕ ಮೇಲೆ ಟೇಪು ಹಿಡಿದು ಜಾಗಕ್ಕೆ ಹೋಗಿ. ಉದ್ದ, ಅಗಲ ಅಳೆಯುವುದು ಸುಲಭ. ಕಾಂಕ್ರೀಟಿನ ದಪ್ಪವನ್ನು ರಸ್ತೆಯ ಅಂಚಲ್ಲಿ, ಪೈಪಿಗಾಗಿ ಕತ್ತರಿಸಿದ ಕಡೆ ನೋಡಬಹುದು. ಎಂ.ಬಿ.ಯಲ್ಲಿ 150 ಮಿ.ಮೀ. ಇದ್ದು ಅಲ್ಲಿ 90 ಕಂಡರೆ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಈ ಗಡುವು ತಪ್ಪಿಸಿಕೊಂಡು ಸೋಲುವವರೇ ಹೆಚ್ಚು.

ಲಂಚ ಕೇಳ್ತಿದ್ದಾರೆ. ಲೋಕಾಯುಕ್ತಕ್ಕೆ ಹೋದರೆ ನಿಜಕ್ಕೂ ಏನು ನಡೆಯುತ್ತೆ?

ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳ) ಹೈಕೋರ್ಟ್ 2022ರ ಆಗಸ್ಟ್ 11ರಂದು ರದ್ದು ಮಾಡಿದ ಮೇಲೆ ಈ ಅಧಿಕಾರ ಮತ್ತೆ ಲೋಕಾಯುಕ್ತ ಪೊಲೀಸರದ್ದು. ಕೊಡುವ ಮುಂಚೆಯೇ ಹೋಗಿ. 2018ರ ತಿದ್ದುಪಡಿಯಿಂದ ಲಂಚ ಕೊಡುವುದೂ ಅಪರಾಧ. ಒತ್ತಾಯಕ್ಕೆ ಸಿಕ್ಕಿ ಕೊಟ್ಟಿದ್ದರೆ ಏಳು ದಿನದೊಳಗೆ ತಿಳಿಸಿದವರಿಗೆ ಮಾತ್ರ ರಕ್ಷಣೆ.

ಲಿಖಿತ ದೂರು, ಎಫ್‌ಐಆರ್ ಆದ ಮೇಲೆ ಪಂಚರ ಮುಂದೆ ನೋಟುಗಳ ನಂಬರ್ ಬರೆದುಕೊಂಡು, ಫಿನಾಫ್ತಲೀನ್ ಪುಡಿ ಸವರುತ್ತಾರೆ. ಆ ನೋಟು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿದರೆ ನೀರು ಗುಲಾಬಿಯಾಗುತ್ತದೆ. ಆದರೆ ಗುಲಾಬಿ ನೀರೊಂದರಿಂದಲೇ ಶಿಕ್ಷೆ ಆಗುವುದಿಲ್ಲ. ಅಧಿಕಾರಿ ಬಾಯಿಬಿಟ್ಟು ಕೇಳಿದ್ದು ಸಾಬೀತಾಗಬೇಕು, ಕೇಸುಗಳು ಬಿದ್ದುಹೋಗುವುದು ಅಲ್ಲೇ. ಆದ್ದರಿಂದ ಹಣ ನೀವಾಗಿ ಮುಂದೆ ಚಾಚಬೇಡಿ. ‘ಸಾರ್, ನನ್ನ ಕೆಲಸ ಏನಾಯ್ತು?’ ಎಂದಷ್ಟೇ ಕೇಳಿ, ಅವರು ಕೇಳುವವರೆಗೆ ಕಾಯಿರಿ. ಕೋರ್ಟಿನಲ್ಲಿ ದೂರುದಾರನೇ ಮಾತು ತಿರುಗಿಸಿದರೂ ಸಾಂದರ್ಭಿಕ ಸಾಕ್ಷ್ಯದಿಂದ ಸಾಬೀತು ಮಾಡಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರ್‌ನಲ್ಲಿ ಹೇಳಿದೆ.

ಗೆಲ್ಲಿಸಿದ್ದು ಒಂದು ಪಾರ್ಟಿಯಿಂದ, ಹೋಗಿದ್ದು ಇನ್ನೊಂದಕ್ಕೆ. ಪಕ್ಷಾಂತರ ಕಾಯ್ದೆ ಏನು ಮಾಡ್ತಿದೆ?

ಆ ಕಾಯ್ದೆ ಪಕ್ಷ ಬಿಟ್ಟವರನ್ನು ಅನರ್ಹಗೊಳಿಸುತ್ತದೆ. ರಾಜೀನಾಮೆ ಕೊಟ್ಟು ಮತ್ತೆ ನಿಲ್ಲುವವರನ್ನು ತಡೆಯುವುದಿಲ್ಲ. 2008ರ ನಂತರ ಕರ್ನಾಟಕ ಈ ದಾರಿಯನ್ನು ದೇಶಕ್ಕೇ ತೋರಿಸಿತು. 2019ರಲ್ಲಿ ಸ್ಪೀಕರ್ 17 ಶಾಸಕರನ್ನು ವಿಧಾನಸಭೆಯ ಅವಧಿ ಮುಗಿಯುವವರೆಗೆ ಅನರ್ಹಗೊಳಿಸಿದರು. ಅನರ್ಹತೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್, ಉಪಚುನಾವಣೆಗೆ ನಿಲ್ಲಬಹುದು ಎಂದಿತು. ಆ ಡಿಸೆಂಬರ್‌ನಲ್ಲೇ ಬಹುಪಾಲು ಜನ ಗೆದ್ದು ಬಂದರು. ಸದನದಲ್ಲಿ ಮತ ಹಾಕಲು ಲಂಚ ಪಡೆದ ಶಾಸಕರಿಗೆ ಇದ್ದ ರಕ್ಷಣೆಯನ್ನು ಮಾತ್ರ 2024ರ ಮಾರ್ಚ್ 4ರಂದು ಏಳು ನ್ಯಾಯಮೂರ್ತಿಗಳ ಪೀಠ ತೆಗೆದುಹಾಕಿತು.

## ಬದಲಾವಣೆ

ಸಾಕ್ಷಿ ಇದೆ. ಗೆದ್ದವರ ಮೇಲೆ ಮತದಾರನೇ ಕೇಸ್ ಹಾಕಬಹುದಾ?

ಆ ಕ್ಷೇತ್ರದ ಮತದಾರ ಯಾರಾದರೂ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಫಲಿತಾಂಶದಿಂದ 45 ದಿನ, ಒಂದು ದಿನವೂ ವಿನಾಯಿತಿ ಇಲ್ಲ. 2,000 ರೂಪಾಯಿ ಭದ್ರತಾ ಠೇವಣಿ. ಭ್ರಷ್ಟ ಆಚರಣೆಯ ಆರೋಪವಿದ್ದರೆ ನಮೂನೆ 25ರ ಪ್ರಮಾಣಪತ್ರ, ಯಾರು, ಯಾವ ದಿನ, ಎಲ್ಲಿ, ಯಾರಿಗೆ ಕೊಟ್ಟರು ಎಂಬ ವಿವರ ಕಡ್ಡಾಯ. ‘ಕ್ಷೇತ್ರದಾದ್ಯಂತ ಹಣ ಹಂಚಿದರು’ ಎಂದು ಬರೆದ ಅರ್ಜಿ ವಿಚಾರಣೆಗೂ ಮುನ್ನವೇ ಬೀಳುತ್ತದೆ. ಅಭ್ಯರ್ಥಿ 30ನೇ ದಿನ ಲೆಕ್ಕ ಕೊಟ್ಟರೆ ನಿಮಗೆ ಉಳಿಯುವುದು 15 ದಿನ ಎಂಬುದನ್ನೂ ನೆನಪಿಡಿ.

ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ತುಮಕೂರು ಗ್ರಾಮಾಂತರದ 2018ರ ಫಲಿತಾಂಶವನ್ನು, ವಿಮಾ ಬಾಂಡ್ ಹಂಚಿಕೆಯ ಪ್ರಕರಣದಲ್ಲಿ, ಹೈಕೋರ್ಟ್ ಅಸಿಂಧು ಎಂದದ್ದು 2023ರ ಮಾರ್ಚ್ ಕೊನೆಗೆ. ಮುಂದಿನ ಚುನಾವಣೆ ಬಾಗಿಲಲ್ಲಿತ್ತು. ಹಾಸನ ಲೋಕಸಭೆಯ 2019ರ ಆಯ್ಕೆಯನ್ನು ಆಸ್ತಿ ಮುಚ್ಚಿಟ್ಟ ಕಾರಣಕ್ಕೆ ಅಸಿಂಧುಗೊಳಿಸಿದ್ದು 2023ರ ಸೆಪ್ಟೆಂಬರ್ 1ರಂದು. ಅದೇ ತಿಂಗಳು ಸುಪ್ರೀಂ ಕೋರ್ಟಿನಿಂದ ತಡೆ ಬಂತು.

ಸರ್ಕಾರವೇ ಎಲೆಕ್ಷನ್ ಖರ್ಚು ಕೊಟ್ಟುಬಿಟ್ಟರೆ ಎಲ್ಲ ಸರಿಹೋಗಲ್ವಾ?

1998ರ ಇಂದ್ರಜಿತ್ ಗುಪ್ತಾ ಸಮಿತಿ, ಹಣದ ಬದಲು ಇಂಧನ, ಕಾಗದ, ಪ್ರಸಾರದ ಸಮಯದಂಥ ರೂಪದಲ್ಲಿ ನೆರವು ಕೊಡಿ ಎಂದಿತ್ತು. ಪೂರ್ತಿ ಸರ್ಕಾರಿ ಖರ್ಚು ಈಗ ಕಾರ್ಯಸಾಧ್ಯವಲ್ಲ ಎಂದು 2015ರಲ್ಲಿ ಕಾನೂನು ಆಯೋಗ ತನ್ನ 255ನೇ ವರದಿಯಲ್ಲಿ ಹೇಳಿತು. ನಮಗೂ ಅದೇ ಸರಿ ಅನ್ನಿಸುತ್ತದೆ. ಪಕ್ಷದ ಖರ್ಚಿಗೆ ಮಿತಿ ಇಲ್ಲದಿರುವಾಗ ಸರ್ಕಾರದ ಹಣ ಕಪ್ಪು ಹಣದ ಬದಲಿಗೆ ಬರುವುದಿಲ್ಲ, ಅದರ ಜತೆಗೆ ಬರುತ್ತದೆ.

ಒಂದೇ ಒಂದು ಬದಲಾವಣೆ ಮಾಡಿ ಅಂದರೆ ಯಾವುದು ಕೇಳ್ತೀರಿ?

ಲೆಕ್ಕ ಶುರುವಾಗುವ ದಿನವನ್ನು ಹಿಂದಕ್ಕೆ ಸರಿಸುವುದು. ವಿಧಾನಸಭೆಯ ಅವಧಿ ಮುಗಿಯುವ ದಿನ ಮೊದಲೇ ಗೊತ್ತಿರುತ್ತದೆ. ಅದಕ್ಕೆ ಒಂದು ವರ್ಷ ಮುಂಚಿನಿಂದ ಕ್ಷೇತ್ರದಲ್ಲಿ ಮಾಡಿದ ಖರ್ಚನ್ನು ನಾಮಪತ್ರದ ಜತೆ ಘೋಷಿಸಬೇಕು ಎಂದಾದರೆ ಬಾಡೂಟ, ಬಸ್ಸು, ಕುಕ್ಕರ್ ಎಲ್ಲ ಪುಸ್ತಕದೊಳಗೆ ಬರುತ್ತವೆ. ಅಷ್ಟನ್ನೂ ಯಾರೂ ನಿಜ ಬರೆಯುವುದಿಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಇವತ್ತು ಊರಿನವರ ಕೈಯಲ್ಲಿರುವ ಬಾಡೂಟದ ವಿಡಿಯೊ ಯಾವ ಕೋರ್ಟಿಗೂ ಬೇಡ. ಅಂಥ ಘೋಷಣೆ ಇದ್ದರೆ ಅದೇ ವಿಡಿಯೊ ಸುಳ್ಳು ಪ್ರಮಾಣಪತ್ರಕ್ಕೆ ಸಾಕ್ಷಿಯಾಗುತ್ತದೆ. ಇದಕ್ಕೆ 77ನೇ ಸೆಕ್ಷನ್‌ಗೆ ಮತ್ತು ‘ಅಭ್ಯರ್ಥಿ’ಯ ವ್ಯಾಖ್ಯೆಗೆ ತಿದ್ದುಪಡಿ ಬೇಕು, ಅದು ಸಂಸತ್ತಿನ ಕೆಲಸ. ಲೋಕಸಭೆ ಚುನಾವಣೆಗೆ ನಿಮ್ಮೂರಿಗೆ ಬರುವ ಅಭ್ಯರ್ಥಿಗೆ ಕೇಳಬೇಕಾದ ಪ್ರಶ್ನೆ ಇದು, ಎಂಎಲ್‌ಎಗೆ ಅಲ್ಲ.